ಮೌಸ್ ಮುಟ್ಟದ ಬೆರಳು

(ಏಳನೇ ಕಂತು)

"ನಮ್ಮಪ್ಪ ಕೊಟ್ಟ ಜಾಗದಲ್ಲಿ ಕುರ್ಚಿ ಹಾಕ್ಕೊಂಡು ಕೂತು ನಮಗೇ ದಿನ ಇಲ್ಲ ಅಂತೀರಲ್ಲ, ನಾಚ್ಕೆ ಆಗಲ್ವೇನ್ರೀ ನಿಮಗೆ?"

ಮುನಿಯಪ್ಪ ಮೇಜಿನ ಮೇಲೆ ಅಂಗೈ ಬಡಿದರು. ಪೆನ್ನಿನ ಡಬ್ಬಿ ಉರುಳಿ ಕೆಳಗೆ ಬಿತ್ತು. ಎಪ್ಪತ್ತೈದು ದಾಟಿದ ಮನುಷ್ಯ, ಉಲ್ಲಾಳದಿಂದ ಎರಡು ಬಸ್ಸು ಬದಲಿಸಿ ಬಸವೇಶ್ವರನಗರಕ್ಕೆ ಬಂದಿದ್ದರು. ಆದರೂ ಗಂಟಲು ದಣಿದಿರಲಿಲ್ಲ.

"ಯಜಮಾನ್ರೇ, ಸ್ವಲ್ಪ ಮೆಲ್ಲಗೆ. ಹೊರಗಡೆ ಮದುವೆ ನಡೀತಿದೆ," ಎಂದರು ಕಲ್ಯಾಣ ಮಂಟಪದ ಮ್ಯಾನೇಜರ್ ನಾಗಭೂಷಣ್.

"ನಡೀಲಿ! ಅವರೂ ಕೇಳಿಸ್ಕೊಳ್ಳಿ! ಮನೆಗೆ ಬಂದು ನನ್ನ ಸೊಸೆ ಮಾಡಿದ ಅವರೆಕಾಳು ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡು ತಿನ್ನೋವಾಗ ನಮ್ಮ ನೆನಪಿತ್ತು. ಮೊಮ್ಮಗಳ ಮದುವೆಗೆ ದಿನ ಕೇಳಿದ್ರೆ ಕಾಗದ ಬಂದೇ ಇಲ್ಲ ಅಂತೀರಾ?"

"ಬಂದಿಲ್ಲ ಅಂದಿಲ್ಲ ಸ್ವಾಮಿ. ನಾನು ನೋಡಿಲ್ಲ ಅಂದೆ. ಮೊನ್ನೆ ಶುಕ್ರವಾರ ನಿಮ್ಮ ಅನು ಬಂದು ಫೋನಲ್ಲಿ ತೋರಿಸಿದ್ಮೇಲೇ ಅಂಥದ್ದೊಂದು ಇಮೇಲ್ ಇದೆ ಅಂತ ನನಗೆ ಗೊತ್ತಾಗಿದ್ದು. ಅದನ್ನ ಮಾಯ ಮಾಡಿದೋಳು ಇಲ್ಲೇ ನಿಂತಿದಾಳಲ್ಲ, ಅವಳನ್ನ ಕೇಳಿ."

ನಾಗಭೂಷಣ್ ತೋರಿಸಿದ್ದು ಬುಕಿಂಗ್ ನೋಡಿಕೊಳ್ಳುವ ಅನಘಾಳನ್ನು. ಇಪ್ಪತ್ನಾಲ್ಕರ ಹುಡುಗಿ. ಗೋಡೆಗೆ ಒರಗಿ ನಿಂತಿದ್ದಳು. ಅಳು ಮುಗಿದು ಮೂಗು ಮಾತ್ರ ಕೆಂಪಗಿತ್ತು.

"ನಾನು ಮಾಡಿಲ್ಲ ಸಾರ್. ಎಷ್ಟು ಸಲ ಹೇಳ್ಬೇಕು?"

"ಮತ್ತೆ ಇಪ್ಪತ್ತೆರಡನೇ ತಾರೀಖು ನಿನ್ನ ಸೋದರಮಾವನಿಗೇ ಹೆಂಗೆ ಸಿಕ್ತು? ಸುಮ್ನೆ ಸೈನ್ ಹಾಕಿ ಮನೆಗೆ ಹೋಗು. ನಾಲ್ಕು ಗಂಟೆಗೆ ಮಂಟಪದ ಕಮಿಟಿಯವರು ಬರ್ತಾರೆ. ಆಮೇಲೆ ಪೊಲೀಸು ಗಿಲೀಸು ಅಂತಾದ್ರೆ ನಾನು ಜವಾಬ್ದಾರ ಅಲ್ಲ."

ಸಹಿಗೆ ಕಾಯುತ್ತಿದ್ದ ಹಾಳೆ ಮೇಜಿನ ಮೇಲಿತ್ತು. 'ನನ್ನ ತಪ್ಪನ್ನು ಒಪ್ಪಿಕೊಂಡು ಕೆಲಸ ಬಿಡುತ್ತಿದ್ದೇನೆ' ಎಂದು ಅದರಲ್ಲಿ ಅಚ್ಚಾಗಿತ್ತು. ಅದಕ್ಕೆ ಸಹಿ ಬಿದ್ದರೆ ವಿಜಯನಗರದಿಂದ ಕೆಂಗೇರಿಯವರೆಗೆ ಯಾವ ಆಫೀಸಿನವರೂ ಈ ಹುಡುಗಿಯನ್ನು ಒಳಗೆ ಸೇರಿಸುವುದಿಲ್ಲ.

ನಡೆದಿದ್ದು ಇಷ್ಟು: ನವೆಂಬರ್ ಹನ್ನೊಂದರಂದು ಮುನಿಯಪ್ಪನವರ ಮೊಮ್ಮಗಳು ಅನು ಫೆಬ್ರವರಿ ಇಪ್ಪತ್ತೆರಡರ ಭಾನುವಾರ ಕೇಳಿ ಮಂಟಪಕ್ಕೆ ಇಮೇಲ್ ಕಳಿಸಿದ್ದಳು, ಅದು ಇನ್‌ಬಾಕ್ಸ್‌ನಿಂದ ಕಾಣೆಯಾಯಿತು, ಎರಡು ದಿನಕ್ಕೆ ಆ ದಿನ ಅನಘಾಳ ಮಾವ ಗಿರಿರಾಜ್ ಹೆಸರಿಗೆ ಬುಕ್ ಆಯಿತು.

"ಆಯ್ತಾ ಎಲ್ಲರದ್ದೂ?"

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಭುವನೇಶ್ವರಿ ಎದ್ದರು. ಐವತ್ತೆಂಟರ ಹೆಂಗಸು. ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ ಹಿಂದಿನ ರಸ್ತೆಯಲ್ಲಿ ಅವರದ್ದೊಂದು ಪುಟ್ಟ ಪತ್ತೇದಾರಿ ಆಫೀಸು. ಸಾಮಾನ್ಯವಾಗಿ ಬರುವುದು ಗಂಡಿನ ಕಡೆಯವರು ಹೇಗೆ, ಹೆಣ್ಣಿನ ಕಡೆಯವರು ಹೇಗೆ ಎಂದು ವಿಚಾರಿಸುವ ಕೆಲಸ. ಅದಕ್ಕೂ ಮೊದಲು ರಾಜಾಜಿನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ್ದರು. ತಪ್ಪು ಬೆರಳಿಟ್ಟವರ ಗಿಣ್ಣಿಗೆ ಮರದ ಸ್ಕೇಲಿನಿಂದ ಬಾರಿಸುತ್ತಿದ್ದರು. ಸಿಟ್ಟು ಇವತ್ತಿಗೂ ಹಾಗೇ ಇತ್ತು. ಸ್ಕೇಲು ಮಾತ್ರ ಇರಲಿಲ್ಲ.

"ನಾಗಭೂಷಣ್ ಅವರೇ, ಈ ಹುಡುಗೀನೇ ಮಾಡಿದ್ದು ಅಂತ ಹೆಂಗೆ ಹೇಳ್ತೀರಿ?"

"ಅವಳು ಮೌಸೇ ಮುಟ್ಟಲ್ಲ ಮೇಡಂ. ಏನೋ ಶಾರ್ಟ್‌ಕಟ್ ಅಂತೆ. ಟಕ್ ಅಂತ ಒಂದು ಕೀ ಒತ್ತಿದ್ರೆ ಪತ್ರ ತೆರ್ಕೊಳುತ್ತೆ, ಇನ್ನೊಂದು ಒತ್ತಿದ್ರೆ ಮಾಯ. ನಾನೇ ಕಣ್ಣಾರೆ ನೋಡಿದೀನಿ. ಅಷ್ಟು ಬೇಗ ಇಲ್ಲಿ ಬೇರೆ ಯಾರಿಗೂ ಮಾಡೋಕೆ ಬರಲ್ಲ."

"ಮೂರು ತಿಂಗಳಿಂದ ಹೊಸ ಮೌಸ್ ಕೊಡ್ಸಿ ಅಂತ ಕೇಳ್ತಿದೀನಿ, ಕೊಡ್ಸಿದ್ರಾ?" ಅನಘಾ ಸಿಡಿದಳು. "ಆಂಟಿದೂ ಕೆಟ್ಟಿದೆ, ನಂದೂ ಕೆಟ್ಟಿದೆ. ಹತ್ತು ಸಲ ಕ್ಲಿಕ್ ಮಾಡಿದ್ರೆ ಆರು ಸಲ ಹಿಡಿಯುತ್ತೆ. ಸೀಸನ್‌ನಲ್ಲಿ ದಿನಕ್ಕೆ ಅರವತ್ತು ಇಮೇಲ್ ಬರುತ್ತೆ ಮೇಡಂ. ಅದಕ್ಕೇ ಶಾರ್ಟ್‌ಕಟ್ ಆನ್ ಮಾಡ್ಕೊಂಡು ಕಲ್ತೆ. ಬೇಗ ಕೆಲಸ ಮುಗಿಸೋದೂ ತಪ್ಪಾ?"

"ನೋಡಿದ್ರಾ ಬಾಯಿ?" ಎಂದರು ನಾಗಭೂಷಣ್.

"ಬಾಯಿ ನಿಮ್ಮದೂ ಸಣ್ಣದೇನಲ್ಲ. ಐದು ನಿಮಿಷ ಮುಚ್ಕೊಂಡು ಕೂತ್ಕೊಳ್ಳಿ."

ಮುನಿಯಪ್ಪ ಖುಷಿಯಾಗಿ ಮೀಸೆ ಸವರಿಕೊಂಡರು. ಈ ಹೆಂಗಸು ಅವರಿಗೆ ಹಿಡಿಸತೊಡಗಿತ್ತು.

ಭುವನೇಶ್ವರಿ ಅನಘಾಳ ಮೇಜಿನ ಬಳಿ ಹೋದರು. ಪರದೆಯ ಅಂಚಿಗೆ ಒಂದು ಲಗ್ನಪತ್ರಿಕೆ ಹಿಂದುಮುಂದಾಗಿ ಅಂಟಿಕೊಂಡಿತ್ತು. ಅದರ ಬಿಳಿ ಬೆನ್ನಿಗೆ ನೀಲಿ ಶಾಯಿಯ ಪಟ್ಟಿ. ಸಿ ಒತ್ತಿದರೆ ಹೊಸ ಪತ್ರ. ಓ ಒತ್ತಿದರೆ ಪತ್ರ ತೆರೆಯುತ್ತದೆ. ಆರ್ ಒತ್ತಿದರೆ ಉತ್ತರ. ಇ ಒತ್ತಿದರೆ ಆರ್ಕೈವ್.

"ಆರ್ಕೈವ್ ಅಂದ್ರೆ ಅಳಿಸೋದಾ?"

"ಅಲ್ಲ ಮೇಡಂ. ಇನ್‌ಬಾಕ್ಸ್‌ನಿಂದ ತೆಗೆದು ಒಳಗಡೆ ಎತ್ತಿಡೋದು. ಕಣ್ಣಿಗೆ ಕಾಣಲ್ಲ, ಆದ್ರೆ ಇರುತ್ತೆ. ಮೇಜಿನ ಮೇಲಿಂದ ತೆಗೆದು ಬೀರುಗೆ ಹಾಕ್ತೀವಲ್ಲ, ಹಂಗೆ."

"ಅರ್ಧಂಬರ್ಧ ಬರೆದು ಬಿಟ್ಟ ಪತ್ರಗಳೂ ಉಳ್ಕೊಳುತ್ತಲ್ಲ? ತೋರಿಸು."

ಅನಘಾ ಎರಡು ಕೀ ಒತ್ತಿದಳು. ಕೈ ಮೌಸಿನ ಕಡೆ ಹೋಗಲೇ ಇಲ್ಲ. ಡ್ರಾಫ್ಟುಗಳ ಪಟ್ಟಿ ಬಂತು. ನವೆಂಬರ್ ಹನ್ನೊಂದರ ಎದುರು ಒಂದೇ ಒಂದು ಡ್ರಾಫ್ಟು. ಸಮಯ ಬೆಳಿಗ್ಗೆ ಹನ್ನೊಂದು ಇಪ್ಪತ್ತೆರಡು.

ತೆರೆದು ನೋಡಿದರೆ, ಇಮೇಲ್ ವಿಳಾಸ ಇರಬೇಕಾದ ಜಾಗದಲ್ಲಿ ಕೆಂಪು ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ 'ರೆಟರಿ' ಎಂದಿತ್ತು. ಮುಂದೆ ಬಡಾವಣೆಯ ಸಂಘದ ಹೆಸರು. ಅಲ್ಲಿಗೆ ನಿಂತಿತ್ತು.

"ಸೆಕ್ರೆಟರಿಗೆ ತಲೆ ಇಲ್ಲ, ಬಾಲ ಮಾತ್ರ ಇದೆ," ಎಂದರು ಭುವನೇಶ್ವರಿ. "ಅನುವಿನ ಪತ್ರ ಬಂದಿದ್ದು ಎಷ್ಟು ಹೊತ್ತಿಗೆ?"

ಮುನಿಯಪ್ಪ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದುಕೊಟ್ಟರು. ಅನು ತನ್ನ ಕಡೆಯಿಂದ ಪ್ರಿಂಟ್ ಹಾಕಿಸಿದ ಪ್ರತಿ. ಕಳಿಸಿದ ಸಮಯ ಹನ್ನೊಂದು ಹತ್ತೊಂಬತ್ತು.

ಮೂರು ನಿಮಿಷದ ಅಂತರ.

"ಆ ಹೊತ್ತಲ್ಲಿ ನೀನು ಎಲ್ಲಿದ್ದೆ?"

"ಮೇಲ್ಗಡೆ ಊಟದ ಹಾಲ್ ತೋರಿಸ್ತಿದ್ದೆ. ಮಹಾಲಕ್ಷ್ಮಿ ಲೇಔಟಿಂದ ಒಂದು ಫ್ಯಾಮಿಲಿ ಬಂದಿತ್ತು. ಅಲ್ಲಿನ ರಿಜಿಸ್ಟರ್‌ನಲ್ಲಿ ಅವರೇ ಟೈಮ್ ಬರೆದು ಸೈನ್ ಹಾಕಿದಾರೆ, ಹನ್ನೊಂದು ಹತ್ತರಿಂದ ಹನ್ನೊಂದು ನಲವತ್ತು."

ನಾಗಭೂಷಣ್ ಏನೋ ಹೇಳಲು ಬಾಯಿ ತೆರೆದರು. ಭುವನೇಶ್ವರಿ ತಿರುಗಿ ನೋಡಿದರು. ಬಾಯಿ ಮುಚ್ಚಿತು.

ಇಷ್ಟು ಹೊತ್ತೂ ಆ ಕೋಣೆಯಲ್ಲಿ ಒಂದು ಸದ್ದು ನಿಂತಿರಲಿಲ್ಲ. ಟಕ ಟಕ ಟಕ. ಕಿಟಕಿಯ ಪಕ್ಕ ಜಗದಾಂಬಾ ಟೈಪ್ ಮಾಡುತ್ತಲೇ ಇದ್ದಳು. ಮಂಟಪದ ಹಳೆಯ ಟೈಪಿಸ್ಟು. ಮೂವತ್ತು ವರ್ಷದ ಹಿಂದೆ ಭುವನೇಶ್ವರಿಯವರ ಶಿಷ್ಯೆ, ಸೀನಿಯರ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು. ಅನಘಾಳ ರಾಜೀನಾಮೆಯನ್ನು ನಾಗಭೂಷಣ್ ಕೈಬರಹದಲ್ಲಿ ಕೊಟ್ಟಾಗ ಅದನ್ನೂ ಟೈಪ್ ಮಾಡಿದ್ದು ಇವಳೇ. ಅವಳ ಬೆರಳುಗಳು ಅಕ್ಷರ ನೋಡುತ್ತವೆ, ಅರ್ಥ ನೋಡುವುದಿಲ್ಲ. ಪ್ರಿಂಟರಿನಿಂದ ಹಾಳೆ ಹೊರಬಂದಾಗಲೇ ಏನು ಬರೆದಿದ್ದೇನೆಂದು ತಿಳಿದದ್ದು. ಆ ಕ್ಷಣವೇ ಟೀಚರಿಗೆ ಫೋನ್ ಮಾಡಿದ್ದಳು. 'ಹುಡುಗೀನ ಹೆಂಗಾದ್ರೂ ಉಳಿಸಿ ಟೀಚರ್' ಅಂದಿದ್ದಳು.

ಈಗ ಅವಳ ಮುಖ ಪೂರ್ತಿ ಎಡಕ್ಕೆ ತಿರುಗಿತ್ತು. ಎಡಗಡೆಯ ಸ್ಟ್ಯಾಂಡಿನಲ್ಲಿ ಸಿಕ್ಕಿಸಿದ ಕೈಬರಹದ ಹಾಳೆಯ ಮೇಲೆ ಕಣ್ಣು. ಎದುರಿನ ಪರದೆಯನ್ನು ಅವಳು ಒಂದು ಸಲವೂ ನೋಡಲಿಲ್ಲ.

ಭುವನೇಶ್ವರಿ ನಿಂತಲ್ಲೇ ನಿಂತರು.

ಕಣ್ಣು ಪ್ರತಿಯ ಮೇಲೆ. ಬೆರಳು ಕೀಲಿಯ ಮೇಲೆ. ತಲೆ ಎತ್ತಿದರೆ ಸ್ಕೇಲು. ಎಷ್ಟು ಸಾವಿರ ಸಲ ಹೇಳಿದ ಮಾತು ಅದು! ಟೈಪ್‌ರೈಟರಿನ ಎದುರು ತಲೆ ಎತ್ತಿ ನೋಡುವಂಥದ್ದು ಏನೂ ಇರಲಿಲ್ಲ. ಹಾಳೆ ಎಲ್ಲಿಗೂ ಹೋಗುತ್ತಿರಲಿಲ್ಲ.

"ಜಗದಾಂಬಾ, ಏನು ಟೈಪ್ ಮಾಡ್ತಿದೀಯ?"

"ಮುಂದಿನ ವಾರದ ಮದುವೆದು ಟೀಚರ್. ಬಡಾವಣೆ ಸಂಘದ ಸೆಕ್ರೆಟರಿಗೆ. ಅವತ್ತು ರಸ್ತೇಲಿ ಗಾಡಿ ನಿಲ್ಸೋಕೆ ಅನುಮತಿ ಕೊಡಿ ಅಂತ. ಪ್ರತಿ ಮದುವೆಗೂ ಇದೇ ಪತ್ರ."

"ಕಾಪಿ ಪೇಸ್ಟ್ ಮಾಡಿ ಆಂಟಿ ಅಂತ ಸಾವಿರ ಸಲ ಹೇಳಿದೀನಿ," ಎಂದಳು ಅನಘಾ.

"ಅದು ಸೋಮಾರಿಗಳ ಕೆಲಸ ಕಣೇ."

"ಸರಿ. ಅದನ್ನ ನಿಲ್ಲಿಸು," ಎಂದರು ಭುವನೇಶ್ವರಿ. "ಅನಘಾ, ನಿನ್ನ ಫೋನಿಂದ ಮಂಟಪದ ಇಮೇಲಿಗೆ ಎರಡು ಪತ್ರ ಕಳಿಸು. ಮೊದಲನೇದರಲ್ಲಿ ಹಪ್ಪಳ ಅಂತ ಬರಿ. ಎರಡನೇದರಲ್ಲಿ ಒಬ್ಬಟ್ಟು ಅಂತ."

"ಇದೇನು ಊಟಕ್ಕೆ ಹೇಳ್ತಿದೀರಾ?" ನಾಗಭೂಷಣ್ ನಕ್ಕರು. ಯಾರೂ ಜೊತೆಗೆ ನಗಲಿಲ್ಲ.

ಎರಡೂ ಪತ್ರ ಬಂದವು. ಜಗದಾಂಬಾಳ ಪರದೆಯಲ್ಲೂ ಅದೇ ಇನ್‌ಬಾಕ್ಸು. ಎಲ್ಲಕ್ಕಿಂತ ಮೇಲೆ ಒಬ್ಬಟ್ಟು, ಅದರ ಕೆಳಗೆ ಹಪ್ಪಳ. ಭುವನೇಶ್ವರಿ ಮುನಿಯಪ್ಪನವರ ತೋಳು ಹಿಡಿದು ಜಗದಾಂಬಾಳ ಬೆನ್ನ ಹಿಂದೆ ನಿಲ್ಲಿಸಿದರು. ನಾಗಭೂಷಣ್‌ರನ್ನೂ ಕರೆದರು.

"ಜಗದಾಂಬಾ, ಅದೇ ಪತ್ರ ಮತ್ತೆ ಮೊದಲಿಂದ ಟೈಪ್ ಮಾಡು. ಆದ್ರೆ ಹೊಸ ಪತ್ರ ಅನ್ನೋದರ ಮೇಲೆ ಕ್ಲಿಕ್ ಮಾಡ್ಬೇಡ. ಮೌಸ್ ಸರಿಯಾಗಿ ಹಿಡೀಲಿಲ್ಲ ಅಂತ ಅಂದ್ಕೋ. ನಾನು ಕಲಿಸಿದ ಹಾಗೆ ಟೈಪ್ ಮಾಡು. ತಲೆ ಎತ್ತಿದ್ರೆ ನೋಡು."

ಜಗದಾಂಬಾ ಬೆನ್ನು ನೆಟ್ಟಗೆ ಮಾಡಿ ಕೂತಳು. ಮುಖ ಎಡಕ್ಕೆ ಹೋಯಿತು. 'ಟು, ದಿ ಸೆಕ್ರೆಟರಿ' ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಪತ್ರ. ಬೆರಳು ಓಡಿತು.

ಟಿ. ಏನೂ ಆಗಲಿಲ್ಲ.

ಓ. ಒಬ್ಬಟ್ಟು ತೆರೆದುಕೊಂಡಿತು.

ಕಾಮಾ, ಟಿ, ಎಚ್. ಏನೂ ಇಲ್ಲ.

ಇ.

"ಅಯ್ಯಯ್ಯೋ, ಒಬ್ಬಟ್ಟು ಹೋಯ್ತು!" ಮುನಿಯಪ್ಪ ಕೂಗಿದರು.

ಎಸ್ ಒತ್ತಿದ ಬೆರಳು ಹಿಂದೆಯೇ ಮತ್ತೊಂದು ಇ ಒತ್ತಿತು.

"ಹಪ್ಪಳಾನೂ ಹೋಯ್ತು ಕಣವ್ವೋ!"

ಸಿ. ಹೊಸ ಪತ್ರದ ಚೌಕ ತಾನಾಗಿ ತೆರೆಯಿತು. ಉಳಿದ ಅಕ್ಷರಗಳೆಲ್ಲ ಅದರೊಳಗೆ ಬಿದ್ದವು. ರೆಟರಿ.

"ಸಾಕು, ನಿಲ್ಸು," ಎಂದರು ಭುವನೇಶ್ವರಿ.

ಜಗದಾಂಬಾ ತಿರುಗಿದಳು. ಎಲ್ಲರ ಮುಖ ನೋಡಿದಳು. "ಏನಾಯ್ತು ಟೀಚರ್? ತಪ್ಪು ಬಿತ್ತಾ?"

"ಒಂದಕ್ಷರಾನೂ ತಪ್ಪಿಲ್ಲ."

ನಿಧಾನವಾಗಿ ಅವಳು ಪರದೆ ನೋಡಿದಳು. ಕೆಂಪು ಬಣ್ಣದ ಆ ಬಾಲ ನೋಡಿದಳು. ಆಮೇಲೆ ಅನಘಾಳ ಮೇಜಿನ ಮೇಲಿನ ಪಟ್ಟಿ, ಆಮೇಲೆ ಅನಘಾಳ ಮುಖ. ಎರಡೂ ಕೈ ಕೀಬೋರ್ಡಿನಿಂದ ಮೇಲೆದ್ದವು, ಬಿಸಿ ತವಾ ಮುಟ್ಟಿದ ಹಾಗೆ.

"ಅವತ್ತೂ ಹಿಂಗೇ ಆಗಿತ್ತು. ವಿಳಾಸದ ಜಾಗದಲ್ಲಿ ಏನೇನೋ ಬಿದ್ದಿತ್ತು. ಈ ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಅಂತ ಬೈಕೊಂಡು ಮುಚ್ಚಿ, ಬೇರೆ ಶುರು ಮಾಡಿದೆ. ಟೀಚರ್... ನಾನಾ? ನಾನೇನಾ ಮಾಡಿದ್ದು?"

"ನೀನೇ. ನಿನ್ನ ಬೆರಳು. ಅದರ ಹಿಂದೆ ನನ್ನ ಸ್ಕೇಲು."

"ಆದ್ರೆ ನಾನು ಆ ಶಾರ್ಟ್‌ಕಟ್ ಪಾರ್ಟ್‌ಕಟ್ ಏನೂ ಆನ್ ಮಾಡಿಲ್ಲ!"

"ನಾನು ಮಾಡಿದ್ದೆ ಆಂಟಿ," ಅನಘಾ ಹತ್ತಿರ ಬಂದಳು. "ಇಬ್ಬರದೂ ಒಂದೇ ಇಮೇಲ್ ಅಲ್ವಾ. ಇಲ್ಲಿ ಆನ್ ಮಾಡಿದ್ರೆ ನಿಮ್ಮಲ್ಲೂ ಆನ್ ಆಗುತ್ತೆ. ನಿಮಗೆ ಒಂದು ಮಾತು ಹೇಳ್ಬೇಕಿತ್ತು. ಮರೆತೇಬಿಟ್ಟೆ."

"ನಿನ್ನ ಉಳಿಸೋಕೆ ಅಂತ ಟೀಚರನ್ನ ಕರೆಸಿದೆ. ನೋಡಿದ್ರೆ ನಾನೇ ಕಳ್ಳಿ!" ಜಗದಾಂಬಾಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂತು. ಅನಘಾ ಅವಳ ಕುತ್ತಿಗೆಗೆ ಜೋತುಬಿದ್ದಳು. ಹೊರಗೆ ಅದೇ ಹೊತ್ತಿಗೆ ಗಟ್ಟಿಮೇಳ ಹೊಡೆಯಿತು. ಯಾರದೋ ತಾಳಿಗೆ ಹೊಡೆದದ್ದು, ಈ ಕೋಣೆಗೂ ಸರಿಹೋಯಿತು.

ಭುವನೇಶ್ವರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸುವಷ್ಟು ಧೂಳೇನೂ ಅದರ ಮೇಲಿರಲಿಲ್ಲ.

"ಕೇಳಿ ಯಜಮಾನ್ರೇ. ಹುಡುಗಿ ಕದ್ದಿಲ್ಲ. ಟೈಪಿಸ್ಟು ಬೇಕು ಅಂತ ಮಾಡಿಲ್ಲ. ಕೆಟ್ಟ ಮೌಸು, ಗೊತ್ತಿಲ್ಲದ ಶಾರ್ಟ್‌ಕಟ್ಟು, ತಲೆ ಎತ್ತದ ಶಿಸ್ತು. ಬೈಯೋದಿದ್ರೆ ನನ್ನ ಬೈರಿ, ನಾನೇ ಅವಳಿಗೆ ಕಲಿಸಿದೋಳು."

ಮುನಿಯಪ್ಪ ಬೈಯಲಿಲ್ಲ. ಅವರ ಕಣ್ಣು ಇನ್ನೂ ಒಬ್ಬಟ್ಟು ಮಾಯವಾದ ಜಾಗದಲ್ಲೇ ಇತ್ತು.

"ಆದ್ರೂ ದಿನ ಹೋಯ್ತಲ್ಲವ್ವ. ನಮ್ಮನೇಲಿ ಏಳು ಮದುವೆ ಇಲ್ಲೇ ಆಗಿರೋದು. ಈ ಮಗೀದು ಮಾತ್ರ ಬೇರೆ ಕಡೆ ಮಾಡು ಅಂದ್ರೆ ಹೆಂಗೆ?"

"ಹೋಗಿಲ್ಲ ತಾತ," ಎಂದಳು ಅನಘಾ. "ಶುಕ್ರವಾರಾನೇ ಮಾವನಿಗೆ ಫೋನ್ ಮಾಡಿದೆ. ಅವರಿಗೆ ಇಪ್ಪತ್ತಾರಕ್ಕೂ ಮುಹೂರ್ತ ಇದೆಯಂತೆ. ಬಿಟ್ಕೊಡ್ತೀನಿ ಅಂದ್ರು. ಹೇಳೋಣ ಅಂದ್ರೆ ಎರಡು ದಿನದಿಂದ ನನ್ನ ಬಾಯಿ ಬಿಡೋಕೆ ಯಾರು ಬಿಟ್ರು?"

ಮುನಿಯಪ್ಪ ಅವಳನ್ನೇ ದಿಟ್ಟಿಸಿದರು. ಆಮೇಲೆ ಗೋಡೆಯ ಮೇಲೆ ಹಾರ ಹಾಕಿದ್ದ ತಮ್ಮ ತಂದೆಯ ಪಟದ ಕಡೆ ತಿರುಗಿದರು.

"ನೋಡಿದ್ಯಾ ಅಪ್ಪಯ್ಯ? ಈ ಮಗೀನ ಕಳ್ಳಿ ಅಂದ್ಕೊಂಡ್ಬುಟ್ಟಿದ್ದೆ ನಾನು. ತಾಯಿ, ತಪ್ಪಾಯ್ತು ಕಣವ್ವ. ಮದುವೆಗೆ ನಿಮ್ಮಾವನ್ನೂ ಕರ್ಕೊಂಡು ಬಾ. ಮೊದಲನೇ ಪಂಕ್ತಿ ನಿಮ್ಮದು. ಒಬ್ಬಟ್ಟು ಲೆಕ್ಕ ಇಲ್ದಂಗೆ ಹಾಕಿಸ್ತೀನಿ."

"ಇ ಒತ್ತಿದ್ರೆ ಮಾಯ ಆಗದೇ ಇರೋ ಒಬ್ಬಟ್ಟು ತಾನೇ?"

ಎಲ್ಲರೂ ನಕ್ಕರು. ಅಡುಗೆಮನೆಯಿಂದ ಬಿಸಿ ತುಪ್ಪದ ವಾಸನೆ ತೇಲಿಬರುತ್ತಿತ್ತು. ಎರಡು ದಿನದಿಂದ ಅನ್ನ ಸೇರದಿದ್ದ ಹುಡುಗಿಗೆ ಒಮ್ಮೆಲೇ ಹಸಿವಾಯಿತು. ಮೇಜಿನ ಮೇಲಿದ್ದ ರಾಜೀನಾಮೆಯ ಹಾಳೆಯನ್ನು ಜಗದಾಂಬಾ ಎತ್ತಿಕೊಂಡಳು. ತಾನೇ ಟೈಪ್ ಮಾಡಿದ್ದನ್ನು ತಾನೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದಳು.

ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ನಾಗಭೂಷಣ್.

"ಒಳ್ಳೇದಾಯ್ತು ಬಿಡಿ! ಯಾರದೂ ತಪ್ಪಿಲ್ಲ. ಹೊಸ ಮೌಸ್ ನಾಳೇನೇ ತರಿಸ್ತೀನಿ. ಇಲ್ಲಿಗೆ ಮುಗೀತು. ಎಲ್ಲರೂ ಊಟಕ್ಕೆ ಏಳಿ."

"ಇನ್ನೂ ಮುಗಿದಿಲ್ಲ," ಎಂದರು ಭುವನೇಶ್ವರಿ. "ಆರ್ಕೈವ್‌ಗೆ ಹೋದ ಪತ್ರ ಅಲ್ಲೇ ಇರಬೇಕಲ್ವಾ? ಕಮಿಟಿಯವರು ಬಂದಾಗ ತೋರಿಸೋದು ಬೇಡ್ವಾ? ಅನಘಾ, ತೆಗಿ."

"ತೆಗೀರಿ, ತೆಗೀರಿ. ಅಷ್ಟರಲ್ಲಿ ನಾನು ಎಲ್ಲರಿಗೂ ಕಾಫಿ ಹೇಳಿ ಬರ್ತೀನಿ," ನಾಗಭೂಷಣ್ ಎದ್ದರು. ಮೇಜಿನ ಮೇಲಿದ್ದ ಫೋನನ್ನೂ ಬೀಗದ ಕೈ ಗೊಂಚಲನ್ನೂ ಎತ್ತಿಕೊಂಡರು. "ಯಜಮಾನ್ರಿಗೆ ಸಕ್ಕರೆ ಕಮ್ಮಿ, ಅಲ್ವಾ?"

"ಜಾಸ್ತೀನೇ ಹಾಕಿಸಿ. ಇವತ್ತು ಪರವಾಗಿಲ್ಲ."

ಬಾಗಿಲು ಮುಚ್ಚಿತು.

ಅನಘಾ ಮತ್ತೆರಡು 'ಟಕ್ ಟಕ್' ಮಾಡಿದಳು. ಆರ್ಕೈವ್ ತೆರೆಯಿತು. ಮೇಲೆ ಒಬ್ಬಟ್ಟು, ಹಪ್ಪಳ, ಎರಡೂ ಸುಖವಾಗಿದ್ದವು. ಅವಳು ಕೆಳಗೆ ಕೆಳಗೆ ಸರಿಯುತ್ತಾ ನವೆಂಬರ್ ಹನ್ನೊಂದಕ್ಕೆ ಬಂದು ನಿಂತಳು.

"ಇಲ್ಲೊಂದು ಹೂವಿನ ಅಲಂಕಾರದವರ ಜಾಹೀರಾತಿದೆ. ಹನ್ನೊಂದು ಗಂಟೆಗೆ ಬಂದಿರೋದು. ಇದನ್ನ ನಾನು ಎತ್ತಿಟ್ಟಿಲ್ಲ."

"ಅದು ಅವತ್ತಿನ ಹಪ್ಪಳ. ಎರಡನೇ ಇ ಎತ್ತಿಟ್ಟಿದ್ದು. ಅಂದ್ರೆ ನಾವು ತೋರಿಸಿದ್ದು ಸರಿ. ಒಬ್ಬಟ್ಟು ಎಲ್ಲಿ? ಅನುವಿನ ಪತ್ರ?"

ಅನಘಾ ಮೇಲೆ ನೋಡಿದಳು, ಕೆಳಗೆ ನೋಡಿದಳು. ಹೆಸರು ಹಾಕಿ ಹುಡುಕಿದಳು.

"ಇಲ್ಲ ಮೇಡಂ."

"ಸರಿಯಾಗಿ ನೋಡು."

"ಇಲ್ವೇ ಇಲ್ಲ. ಜಾಹೀರಾತು ಇದೆ, ಪತ್ರ ಇಲ್ಲ."

"ಕಸದ ಬುಟ್ಟಿ ಇರುತ್ತಲ್ಲ ಇದರಲ್ಲಿ?"

"ಟ್ರ್ಯಾಶ್. ಅಳಿಸಿದ್ದು ಮೂವತ್ತು ದಿನ ಅಲ್ಲಿರುತ್ತೆ, ಆಮೇಲೆ ತಾನಾಗೇ ಹೋಗುತ್ತೆ." ಅವಳ ಬೆರಳು ಓಡಿತು. ಟ್ರ್ಯಾಶ್ ತೆರೆಯಿತು. ಒಳಗೆ ಒಂದೇ ಪತ್ರ ಇತ್ತು. ಕಳಿಸಿದವರ ಹೆಸರು: ಅನು.

"ಸಿಕ್ತು!" ಮುನಿಯಪ್ಪ ಕೈ ತಟ್ಟಿದರು.

ಭುವನೇಶ್ವರಿ ಕೈ ತಟ್ಟಲಿಲ್ಲ.

"ಜಗದಾಂಬಾಳ ಬೆರಳು ಇದನ್ನ ಎತ್ತಿಟ್ಟಿತು, ಅಷ್ಟೇ. ಎಸೀಲಿಲ್ಲ. ಆಮೇಲೆ ಯಾರೋ ಆರ್ಕೈವ್‌ಗೆ ಹೋಗಿ, ಹುಡುಕಿ, ಇದನ್ನೊಂದನ್ನೇ ಆರಿಸಿ ಬುಟ್ಟಿಗೆ ಹಾಕಿದಾರೆ. ಪಕ್ಕದಲ್ಲೇ ಇದ್ದ ಜಾಹೀರಾತನ್ನ ಮುಟ್ಟಿಲ್ಲ. ಇದು ಕೈತಪ್ಪಿ ಆಗೋ ಕೆಲಸ ಅಲ್ಲ."

ಅಷ್ಟರಲ್ಲಿ ಪರದೆ ಒಮ್ಮೆ ಮಿಟುಕಿತು.

ಟ್ರ್ಯಾಶ್ ಖಾಲಿ.

ಪತ್ರ ಅವರ ಕಣ್ಣೆದುರೇ ಮಾಯವಾಗಿತ್ತು.

"ನಾನು ಏನೂ ಒತ್ತಿಲ್ಲ!" ಅನಘಾ ಎರಡೂ ಕೈ ಗಾಳಿಯಲ್ಲಿ ಎತ್ತಿದಳು. ಜಗದಾಂಬಾ ತನ್ನ ಕೀಬೋರ್ಡಿನಿಂದ ನಾಲ್ಕು ಅಡಿ ದೂರದಲ್ಲಿದ್ದಳು. ಅವಳೂ ಕೈ ಎತ್ತಿದಳು.

"ಗೊತ್ತು, ಕೈ ಇಳಿಸ್ರೇ ಇಬ್ಬರೂ. ಈ ಇಮೇಲ್ ಇನ್ನು ಯಾರ ಹತ್ರ ಇದೆ?"

"ಇವೆರಡು ಕಂಪ್ಯೂಟರ್. ಆಮೇಲೆ..." ಅನಘಾಳ ಕಣ್ಣು ಬಾಗಿಲ ಕಡೆ ಹೋಯಿತು. "ಸಾರ್ ಫೋನಲ್ಲಿ."

ಭುವನೇಶ್ವರಿ ಮುನಿಯಪ್ಪ ಕೊಟ್ಟಿದ್ದ ಪ್ರಿಂಟನ್ನು ಮತ್ತೆ ಬಿಚ್ಚಿದರು. ಮದುವೆಯ ದಿನಕ್ಕೋಸ್ಕರ ಇಷ್ಟು ಹೆದರುವವರು ಯಾರು? ಎರಡು ದಿನದಿಂದ ಎಲ್ಲರೂ ಓದಿದ್ದು ಮೇಲಿನ ಮೂರು ಸಾಲು ಮಾತ್ರ. ತಾರೀಖು, ಹೆಸರು, ಮುಹೂರ್ತ. ಕೆಳಗೆ ಇನ್ನೂ ನಾಲ್ಕು ಸಾಲಿತ್ತು. ಅವರು ಗಟ್ಟಿಯಾಗಿ ಓದಿದರು.

"ಮುತ್ತಾತನ ಕಾಲದ ದಾನಪತ್ರದ ಅಸಲು ಪ್ರತಿ ಹಳೇ ಟ್ರಂಕಿನಲ್ಲಿ ಸಿಕ್ಕಿದೆ. ಮಂಟಪದ ಹಿಂದಿನ ಖಾಲಿ ಜಾಗ ಬಡವರು ಮದುವೆಗೆ ಒಲೆ ಹೂಡಲು ಮೀಸಲು, ಅದನ್ನು ಯಾವತ್ತೂ ಯಾರಿಗೂ ಮಾರಬಾರದು ಎಂದು ಅದರಲ್ಲಿದೆ. ಮುಂದಿನ ಸಭೆಗೆ ತರುತ್ತೇವೆ. ಈ ವಿಷಯ ನಿಮ್ಮನ್ನು ಬಿಟ್ಟು ಇನ್ನೂ ಯಾರಿಗೂ ತಿಳಿಸಿಲ್ಲ."

ಹಾಳೆ ಕೆಳಗಿಳಿಯಿತು.

"ಯಜಮಾನ್ರೇ, ಆ ದಾನಪತ್ರ ಈಗ ಎಲ್ಲಿದೆ?"

"ಇಲ್ಲೇ ಬೀರುವಲ್ಲಿ. ಆಗಲೇ ಹೇಳಿದ್ನಲ್ಲ, ಉಪ್ಪಿಟ್ಟು ತಿಂದು ಹೋದ್ರು ಅಂತ. ಕಾಗದ ಕಳಿಸಿದ ಮೂರನೇ ದಿನಕ್ಕೆ ಮ್ಯಾನೇಜರ್ರೇ ಮನೆಗೆ ಬಂದಿದ್ರು. ದಾನಪತ್ರ ಮನೇಲಿಟ್ರೆ ಗೆದ್ದಲು ತಿನ್ನುತ್ತೆ, ಆಫೀಸು ಬೀರುವಲ್ಲಿ ಭದ್ರವಾಗಿರುತ್ತೆ ಅಂದ್ರು. ಕೊಟ್ಟೆ."

"ಅವರು ಮೊನ್ನೆ ಶುಕ್ರವಾರದವರೆಗೂ ಪತ್ರ ನೋಡೇ ಇರಲಿಲ್ಲ ಅಂದ್ರಲ್ಲ. ನಿಮ್ಮ ಹತ್ರ ದಾನಪತ್ರ ಸಿಕ್ಕಿರೋದು ಮೂರನೇ ದಿನಕ್ಕೇ ಅವರಿಗೆ ಹೆಂಗೆ ಗೊತ್ತಾಯ್ತು?"

ಮುನಿಯಪ್ಪ ಬೀರುವಿನ ಕಡೆ ತಿರುಗಿದರು.

ಜಗದಾಂಬಾ ಬೀರುವಿನ ಹಿಡಿ ಎಳೆದಳು. ಬೀಗ ಹಾಕಿತ್ತು. ಬೀಗದ ಕೈ ಗೊಂಚಲು ಕಾಫಿ ಹೇಳಲು ಹೋಗಿತ್ತು.

ಅನಘಾ ಅಡುಗೆಮನೆಗೆ ಓಡಿದಳು. ಎರಡೇ ನಿಮಿಷಕ್ಕೆ ಏದುಸಿರು ಬಿಡುತ್ತಾ ಬಂದಳು. ಹಿಂದೆ ಕಾವಲುಗಾರ ಮರೆಪ್ಪ.

"ಕಾಫಿ ಹೇಳೋಕೆ ಯಾರೂ ಬಂದೇ ಇಲ್ವಂತೆ ಮೇಡಂ!"

"ಸಾರ್ ಆಗಲೇ ಹೊಂಟೋದ್ರಲ್ಲ," ಎಂದ ಮರೆಪ್ಪ. "ಹಿಂದಿನ ಗೇಟಿಂದ. ಬೆಳಗ್ಗಿಂದಾನೇ ಒಂದು ಬಿಳೀ ಕಾರು ಅಲ್ಲಿ ನಿಂತಿತ್ತು. ಒಂದು ತಿಂಗಳಿಂದ ಹಿಂದಿನ ಜಾಗಕ್ಕೆ ಟೇಪ್ ಹಿಡಿದು ಅಳತೆ ಮಾಡ್ತಿದ್ರಲ್ಲ, ಅವರದು. ಸಾರ್ ಅದರಲ್ಲೇ ಕೂತ್ರು."

"ಕೈಯಲ್ಲಿ ಏನಾದ್ರೂ ಇತ್ತಾ?"

"ಫೋನಿತ್ತು. ಅದನ್ನೇ ಒತ್ಕೊಂಡು ಹೋಗ್ತಿದ್ರು."

ಭುವನೇಶ್ವರಿ ಫೋನ್ ಮಾಡಿದರು. ಸ್ವಿಚ್ ಆಫ್.

ನಾಲ್ಕು ಗಂಟೆಗೆ ಕಮಿಟಿಯವರು ಬಂದರು. ಬೀಗ ಒಡೆಸಿದರು. ಬೀರುವಿನಲ್ಲಿ ಹಳೆಯ ರಸೀದಿ ಪುಸ್ತಕಗಳಿದ್ದವು, ಪೆಟ್ಟಿಗೆಯಿಂದ ತೆಗೆಯದ ಎರಡು ಹೊಸ ಮೌಸ್ ಇದ್ದವು. ದಾನಪತ್ರ ಇರಲಿಲ್ಲ. ಮದುವೆಯವರು ಮಂಟಪ ಖಾಲಿ ಮಾಡಿ, ಚಪ್ಪರದ ಹೂವೆಲ್ಲ ಕಿತ್ತು, ಬಾಕಿ ಉಳಿದ ಒಬ್ಬಟ್ಟನ್ನು ಆಫೀಸಿಗೇ ಕಳಿಸಿಕೊಟ್ಟರು. ನಾಲ್ಕು ಜನ ಬಾಗಿಲನ್ನೇ ನೋಡುತ್ತಾ ತಿಂದರು.

ನಾಗಭೂಷಣ್ ವಾಪಸ್ ಬರಲಿಲ್ಲ.